ಮಾವನಿಗೆ ಬಡಿಸಿದ ಎಲೆ

ಸಿದ್ಧಕಟ್ಟೆಯ ನನ್ನ ಗೂಡಂಗಡಿಯ ಮುಂದೆ ಕಾರು ನಿಲ್ಲಿಸುವ ಪರವೂರಿನವರು ಒಳ್ಳೆಯ ಊಟ ಎಲ್ಲಿ ಸಿಗುತ್ತದೆ, ಗಲಾಟೆಯಿಲ್ಲದ ಜಾಗ ಯಾವುದು ಎಂದು ಕೇಳುತ್ತಾರೆ. ಎರಡಕ್ಕೂ ನಾನು ನೀರು ಹರಿಯುವ ತೋಡಿನ ಬದಿಯ ಸ್ವರ್ಣಲತಾ ಅಕ್ಕನ ಮನೆಯನ್ನೇ ಹೇಳುತ್ತಿದ್ದೆ. ಅವರು ಬಂದವರಿಗೆ ಊಟ ಹಾಕಿ ದುಡಿಯುವವರು.

ಕಳೆದ ಮಳೆಗಾಲ, ಸತ್ತವರಿಗೆ ಬಡಿಸುವ ಆಟಿ ತಿಂಗಳಲ್ಲಿ, ಮೈಸೂರಿನ ಗಂಡ ಹೆಂಡತಿಯನ್ನು ಅಲ್ಲಿಗೆ ಕಳಿಸಿದೆ. ತೀರಿಹೋದ ಮಾವನಿಗೆ ಅಕ್ಕ ಎಲೆ ಹಾಕಿ ಬಡಿಸುವ ದಿನ ಅದು ಎಂಬುದು ನನಗೆ ಮರೆತೇಹೋಗಿತ್ತು.

ಮಧ್ಯಾಹ್ನ ಎರಡಕ್ಕೆ ಇಬ್ಬರೂ ಮರಳಿದರು.

"ಪತ್ರೊಡೆ ತುಂಬಾ ಚೆನ್ನಾಗಿತ್ತು. ಅನ್ನ ಮಾತ್ರ ಯಾಕೋ ಐಸ್ ಥರ ಇತ್ತು," ಎಂದಳು ಹೆಂಡತಿ. "ನಮ್ಮ ಜೊತೆ ಊಟಕ್ಕೆ ಕೂತ ಅಜ್ಜ ಕೇಳಿದ್ದು ಒಂದೇ ಮಾತು, ಕಳಿಸಿದವರು ಬರಲಿಲ್ವಾ ಅಂತ."

ನೀರಿನ ಬಾಟಲಿ ಕೊಡುವಾಗ ತಾಗಿದ ಅವಳ ಬೆರಳು ಕೊರೆಯುವಷ್ಟು ತಣ್ಣಗಿತ್ತು.

ಆ ಮನೆಯಲ್ಲಿ ಈಗ ಗಂಡಸರೇ ಇಲ್ಲ. ಮೈಸೂರಿನವರು ಹೋದ ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ.

"ಯಾರೂ ಬರಲಿಲ್ಲ ಮಾರಾಯ, ನಾನು ಜಗಲಿಯಲ್ಲೇ ಇದ್ದೆ," ಎಂದರು ಅಕ್ಕ. "ಮಾವನಿಗೆ ಒಂದೇ ಎಲೆ ಬಡಿಸಿ ಕೋಣೆಯ ಬಾಗಿಲು ಹಾಕಿದ್ದು. ಈಗ ತೆಗೆದರೆ ನಾಲ್ಕು ಎಲೆ ಉಂಟು. ಮೂರು ಉಂಡು ಮಡಚಿದ್ದು."

"ಇನ್ನೊಂದು?"

"ಅದನ್ನು ಯಾರೂ ಮುಟ್ಟಲಿಲ್ಲ. ಅನ್ನದಿಂದ ಇನ್ನೂ ಹಬೆ ಬರ್ತಾ ಉಂಟು."