ರೈಟರ್ ಬೆನಕಪ್ಪನ ಸಿಗಾರ್ ಪೆಟ್ಟಿಗೆ

“ಮನೇಲಿಟ್ಕಂಡು ನೋಡ್ಕಳಿ ಬೇಕಾದ್ರೆ. ಬೆಂಕಿ ಮಾತ್ರ ತಾಗಿಸ್ಬ್ಯಾಡಿ,” ಎಂದು ತೀರ್ಥಮ್ಮ ಸಿಗಾರ್ ಪೆಟ್ಟಿಗೆಯನ್ನು ಮುಂದಿಟ್ಟರು.

ಷಡಕ್ಷರಿ ನಕ್ಕ. ಟ್ರ್ಯಾಕ್ಟರ್ ಕಂಪನಿಯ ಕೆಲಸದ ಮೇಲೆ ಆ ವರ್ಷ, ಎಪ್ಪತ್ತೆಂಟರಲ್ಲಿ, ತರೀಕೆರೆಗೆ ಬಂದಿದ್ದ ಅವನಿಗೆ ಹಳೆಯ ಸಿಗಾರ್ ಕೂಡಿಡುವ ಹುಚ್ಚು. ಕ್ಯೂಬಾದಲ್ಲಿ ಕ್ರಾಂತಿಯಾದ ಮೇಲೆ ತಯಾರಿಕೆಯೇ ನಿಂತುಹೋದ ಈ ಬಗೆಗಾಗಿ ಹನ್ನೊಂದು ವರ್ಷ ಅಲೆದಿದ್ದ. ಮುಂಬಯಿಯ ಸಿರಿವಂತರು ಒಂದೊಂದನ್ನೇ ಗಾಜಿನೊಳಗಿಟ್ಟು ಕಾಯುತ್ತಿದ್ದರು. ಅವನಿಗೆ ಮೂಸಲೂ ಕೊಟ್ಟಿರಲಿಲ್ಲ. ಸಖರಾಯಪಟ್ಟಣದ ಈ ಮನೆಯಿಂದಲೂ ಮೂರು ಸಲ ಬರಿಗೈಯಲ್ಲಿ ಹಿಂದಿರುಗಿದ್ದ.

ತೀರ್ಥಮ್ಮನ ಮಾವ ಬೆನಕಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೋಟದ ಬಿಳಿ ದೊರೆಯ ಈ ಪೆಟ್ಟಿಗೆ ಕದ್ದವರು ಅವರು. ಕಳ್ಳನೆನಿಸಿಕೊಂಡು ಏಟು ತಿಂದು ಸತ್ತವನು ಅಡುಗೆಯಾಳು. ಇದರ ಸುಖ ಯಾರಿಗೂ ದಕ್ಕಬಾರದೆಂದು ಅವನ ತಾಯಿ ಮಾಟ ಮಾಡಿಸಿದ್ದಳಂತೆ.

“ಮಾವ ಒಂದೇ ಸೇದಿದ್ರು. ಆಮೇಲೆ ಆರು ವರ್ಷ ಬದುಕಿದ್ದೂ ಸತ್ತಂಗಿದ್ರು ಕಣ್ರೀ.”

ಕ್ಯೂಬಾದ ಎಲೆಗೆ ಕನ್ನಡದ ಮಂತ್ರ ತಿಳಿಯುವುದಿಲ್ಲ ಎಂದು ಗೇಲಿ ಮಾಡಿ ಅವನು ಪೆಟ್ಟಿಗೆ ಎತ್ತಿಕೊಂಡ.

ಮಧ್ಯಾಹ್ನ ತರೀಕೆರೆಯ ಮನೆಯಲ್ಲಿ ಗಾಳಿಯಾಡದಂತೆ ಕಿಟಕಿ ಬಾಗಿಲು ಭದ್ರಪಡಿಸಿ ಕುಳಿತ. ಮುಚ್ಚಳ ತೆಗೆದೊಡನೆ ದೇವದಾರು, ಹಳೇ ಬೆಲ್ಲ, ಒದ್ದೆ ಮಣ್ಣಿನ ಪರಿಮಳ ಕತ್ತಲ ಕೋಣೆಯನ್ನು ತುಂಬಿತು. ಒಂದು ಸಿಗಾರ್ ತುಟಿಗಿಟ್ಟು ಕಡ್ಡಿ ಗೀರಿದ. ಆರಿತು. ಇನ್ನೊಂದು. ಅದೂ ಆರಿತು. ಬೆಂಕಿಪೊಟ್ಟಣ ಖಾಲಿಯಾಯಿತು. ಸೀಮೆಎಣ್ಣೆ ಸ್ಟೌ ಹೊತ್ತಿಸಿ ಬಾಗಿದರೆ ಸಿಗಾರ್ ತಾಗಿದ ಕ್ಷಣ ಸ್ಟೌ ನಂದಿತು. ಹನ್ನೊಂದು ವರ್ಷದ ಸಿಟ್ಟೆಲ್ಲ ಹಲ್ಲಿಗೆ ಬಂದು ಸಿಗಾರನ್ನು ಕಚ್ಚಿ ಹಿಡಿದ.

ತುದಿ ತಾನಾಗಿ ಕೆಂಪಾಯಿತು.

ಕೂದಲು ಸುಟ್ಟ ನಾತ. ಸೇದಿದ. ಬಾಯಲ್ಲಿ ಏನೂ ಇಲ್ಲ. ಮತ್ತೆ ಸೇದಿದ. ಬೆನ್ನ ಹಿಂದೆ ಯಾರೋ ಸುಖವಾಗಿ ಉಸಿರುಬಿಟ್ಟರು. ಹೊಗೆ ಅವನ ಕಿವಿಯ ಪಕ್ಕದಿಂದ ಮುಂದೆ ಬಂತು. ಉಗುಳಲು ನೋಡಿದ. ತುಟಿ ಬಿಡಲಿಲ್ಲ. ತಣ್ಣನೆಯ ಎರಡು ಬೆರಳು ಮೂಗು ಹಿಡಿದವು. ಎದೆ ಬಿರಿಯಿತು. ಬಾಗಿಲಿಗೆ ಬಿದ್ದ. ಚಿಲಕ ಮುರಿಯಿತು. ಬಿಸಿಲಿಗೆ ಉರುಳಿದ.

ಜೀವ ಉಳಿಯಿತು. ತುಟಿಯ ಚರ್ಮ ಸಿಗಾರಿಗೆ ಅಂಟಿಕೊಂಡು ಹೋಗಿತ್ತು.

ಸಂಜೆ ಕಪಾಟಿನ ನಲವತ್ತು ಪೆಟ್ಟಿಗೆಗಳನ್ನೂ ತೆರೆದು ಮೂಸಿದ. ಯಾವ ವಾಸನೆಯೂ ಇಲ್ಲ, ಬರೀ ಕಟ್ಟಿಗೆ. ಕಾಫಿ ಬಿಸಿನೀರಾಗಿತ್ತು. ಶಿವಮೊಗ್ಗದ ವೈದ್ಯರು ಮೂಗಿನಲ್ಲಿ ದೋಷವಿಲ್ಲ ಎಂದರು. ಬೆನಕಪ್ಪನ ಪೆಟ್ಟಿಗೆ ಹಿಂದಿರುಗಿಸಲು ಹೋದರೆ ತೀರ್ಥಮ್ಮ ಬಾಗಿಲು ತೆರೆಯಲಿಲ್ಲ.

ಮೂರು ತಿಂಗಳಿಗೆ ಹೆಂಡತಿ ಸುಲೋಚನ ಅಜ್ಜಂಪುರದ ತವರಿನಲ್ಲಿ ಹೆತ್ತಳು. ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದ ಕೂಸನ್ನು ಅತ್ತೆ ಅವನ ಕೈಗಿತ್ತರು. ನೆತ್ತಿಗೆ ಮೂಗಿಟ್ಟ. ಇನ್ನಷ್ಟು ಒತ್ತಿ ಉಸಿರೆಳೆದುಕೊಂಡ. ಮೂರನೆಯ ಸಲಕ್ಕೆ ಮಗು ಕಿರುಚಿತು.

“ಕೊಡ್ರೀ ಇಲ್ಲಿ,” ಎಂದು ಸುಲೋಚನ ಕಿತ್ತುಕೊಂಡಳು.