ಬೆಳುಂಕಿಯಿಂದ ಬಂದ ಕೊಡ

ಕರಜಗಿಯ ಸಂತೆಯಲ್ಲಿ, ಬೇವಿನ ಗಿಡದ ಕೆಳಗೆ ಹಾಸಿದ್ದ ಹಳೆ ಸಾಮಾನಿನ ಗೋಣಿತಟ್ಟಿನ ಮೇಲೆ ವಿದ್ಯಾವತಿ ತನ್ನದೇ ಹೆಸರನ್ನು ಕಂಡಳು.

ಹಿತ್ತಾಳೆಯ ಕೊಡ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಬಡಿದ ಅಕ್ಷರ: ಚಿ. ಶ್ರೀಶೈಲಪ್ಪ, ಚಿ. ಸೌ. ವಿದ್ಯಾವತಿ. ಹನ್ನೊಂದು ವರ್ಷದ ಹಿಂದೆ ಮದುವೆಯಲ್ಲಿ ಬಂದ ಆಹೇರಿ. ಆ ಮದುವೆ ಎರಡು ವರ್ಷವೂ ಬಾಳಲಿಲ್ಲ. ಕೊಡ ಬಾಳಿತ್ತು, ಬೆಳುಂಕಿಯಲ್ಲಿ ಅಣ್ಣ ಮಹಾಂತನ ಮನೆಯ ಅಟ್ಟದ ಮೇಲೆ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸುಸ್ತಾಯಿತು. ಅಸಂಗಿಯ ಕನ್ನಡ ಸಾಲೆಯಲ್ಲಿ ಪಾಠ ಮುಗಿಸಿ, ಬಸ್ಸಿನಲ್ಲಿ ನಿಂತೇ ಬಂದವಳು. ಎರಡೂ ಕೈಯಲ್ಲಿ ಭಾರದ ಚೀಲ. ಬದಲಿಯ ಆರ್ಡರ್ ಬಂದಿತ್ತು. ಸೋಮವಾರ ತಾಲೂಕಿನ ಆ ತುದಿಯ ಊರಿನ ಸಾಲೆಗೆ ಹಾಜರಾಗಬೇಕು. ಇದು ಇಲ್ಲಿಯ ಕೊನೆಯ ಸಂತೆ.

ಇವತ್ತು ಅವನು ಒಂದು ಮಾತು ಕೇಳಿದರೆ ಸರಿ. ಕೇಳದಿದ್ದರೆ ಶಿವನಿಚ್ಛೆ ಎಂದುಕೊಂಡು ಹೋಗಿಬಿಡುವುದು. ಮೂರು ವರ್ಷ ಕಾದ ಮನಸ್ಸನ್ನು ಇನ್ನು ದಣಿಸಬಾರದು. ಬಸ್ಸಿನ ಕಂಬಿ ಹಿಡಿದು ಹಾಗೆಂದು ಗಟ್ಟಿ ಮಾಡಿಕೊಂಡಿದ್ದಳು.

ಅವನು ಶಿವಪುತ್ರ. ಊರೂರು ತಿರುಗಿ ಮನೆಗಳಲ್ಲಿ ಬೇಡವಾದ ಸಾಮಾನು ಕೊಂಡು, ತಿಕ್ಕಿ ತೊಳೆದು, ಸಂತೆಯಿಂದ ಸಂತೆಗೆ ಟಮಟಮ ಗಾಡಿಯಲ್ಲಿ ಒಯ್ದು ಮಾರುವವನು. ನಲವತ್ತು ದಾಟಿದ್ದ. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು.

ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗ ಅವಳು ಕೇಳಿದ್ದು ಒಂದೇ ಒಂದು ತಾಟು.

"ಆರರ ಸೆಟ್ ಐತ್ರಿ, ಬಾಯಾರ. ಒಂದ ಹೆಂಗ ಒಡೀಲಿ?"

"ನಾ ಒಬ್ಬಾಕೇರಿ. ಉಳದ ಐದರಾಗ ಯಾರು ಉಣ್ಣಬೇಕು?"

ಅವನು ನಕ್ಕು ಒಂದನ್ನೇ ಕೊಟ್ಟಿದ್ದ. ಅದರ ಮೇಲೆ ಗುರುಸಿದ್ದ ಎಂದಿತ್ತು. ಹೆಸರು ಉಜ್ಜಿ ಕೊಡಲೇ ಎಂದರೆ ಬೇಡವೆಂದಳು. ಅಲ್ಲಿಂದ ಸಂತೆ ಸಂತೆಗೂ ಒಂದೊಂದು ಬಂತು. ದುಂಡವ್ವನ ಚರಗಿ, ರವಿಕುಮಾರನ ಡಬ್ಬಿ, ಕಾಜಲ್ ಎಂಬ ಯಾವುದೋ ಕೂಸಿನ ಹಾಲಿನ ಬಟ್ಟಲು. ಹೊಸದು ಕೊಳ್ಳುವ ಚಟ ಅವಳಿಗಿರಲಿಲ್ಲ. ಹಳೆಯದನ್ನು ಕೈಯಲ್ಲಿ ತಿರುಗಿಸಿ, ಅಂಚಿನ ತಗ್ಗನ್ನು ಬೆರಳಿಂದ ಮುಟ್ಟಿ, ಇದು ಯಾರ ಮನೆಯಲ್ಲಿ ಬಿದ್ದಿರಬೇಕು ಎಂದು ಯೋಚಿಸುವುದು ಒಂದು ಸುಖ. ಬದಲಿಯಾದಾಗಲೆಲ್ಲ ಇದ್ದದ್ದನ್ನು ಮಾರಿ, ಎರಡು ಸೀರೆ, ನಾಲ್ಕು ಪುಸ್ತಕ, ವಿಭೂತಿಯ ಕರಡಿಗೆ ಹಿಡಿದು ನಡೆಯುವುದು ಇನ್ನೊಂದು ಸುಖ.

"ಇವತ್ತ ಯಾರ ತಾಟಿನ್ಯಾಗ ಊಟಾರಿ?" ಎಂದು ಅವನು ಕೇಳುತ್ತಿದ್ದ.

"ಗುರುಸಿದ್ದಂದ ಐತಲ್ರಿ."

"ದಿನಾ ಗುರುಸಿದ್ದನ ಪಂಕ್ತೀನ ಆತಲ್ರಿ. ಉಳದವರು ಸಿಟ್ಟಿಗೆ ಬಂದಾರು."

ಹೇಳಿ ಕಣ್ಣು ತಗ್ಗಿಸಿ ಚರಗಿ ತಿಕ್ಕುವನು. ತಿಕ್ಕಿದ್ದನ್ನೇ ತಿಕ್ಕುವನು. ಆ ಚರಗಿಯ ಹೊಳಪಿನಲ್ಲಿ ತನ್ನನ್ನೇ ನೋಡುತ್ತಿದ್ದಾನೆಂದು ಗೊತ್ತಾಗಿ ಅವಳು ಸೆರಗು ಸರಿಮಾಡಿಕೊಳ್ಳುವಳು. ಸಂತೆಯ ಹೆಣ್ಣುಮಕ್ಕಳೆಲ್ಲ ಅವನನ್ನು ಶಿವಪುತ್ರಣ್ಣ ಎನ್ನುತ್ತಿದ್ದರು. ಅವಳೊಬ್ಬಳು ಮಾತ್ರ ಮೂರು ವರ್ಷ ಆ ಅಣ್ಣನನ್ನು ನಾಲಿಗೆಯ ಮೇಲೆ ಬರಗೊಡಲಿಲ್ಲ. "ಏನ್ರಿ", "ನೋಡ್ರಿ" ಎಂದೇ ಸಾಗಿಸಿದ್ದಳು.

ಇವತ್ತು ಅವನು ಚೇಷ್ಟೆ ಮಾಡಲಿಲ್ಲ. ಮುಖ ಎತ್ತಲಿಲ್ಲ.

"ಬರ್ರಿ, ಬಾಯಾರ," ಎಂದ, ಯಾರಿಗೋ ಅಂದಂತೆ.

"ಈ ಕೊಡ ಎಲ್ಲೀದ್ರಿ?"

"ಬೆಳುಂಕೀದು. ಒಬ್ರು ಅಟ್ಟ ಖಾಲಿ ಮಾಡಾತ್ತಿದ್ರು. ತಂಗೀದು ಸಾಮಾನ ಅಂದ್ರು." ತಾಟೊಂದನ್ನು ಅತ್ತ ಸರಿಸಿ ಹೇಳಿದ, "ಗ್ವಾಡಿ ಮ್ಯಾಲ ನಿಮ್ಮ ಫೋಟೋ ಇತ್ತು. ಸಾಲಿ ಮಕ್ಕಳ ನಡುವ ನಿಂತೀರಿ."

"ಅದಕ್ಕ ನನ್ನ ಹೆಸರ ಸಂತ್ಯಾಗ ಇಟ್ಟು ಮಾರಾತೀರೇನು?"

"ಮಾರಾಕಲ್ರಿ. ನೀವು ನೋಡ್ಲಿ ಅಂತ ಇಟ್ಟೆ. ನಿಮ್ಮ ಸಂಸಾರದ ಕೊಡ, ನಿಮಗ ಮುಟ್ಲಿ ಅಂತ." ಕೈಯಲ್ಲಿದ್ದ ಬಟ್ಟೆಯ ಚೂರನ್ನು ಹಿಂಡಿದ. "ಯಜಮಾನ್ರು ಯಾವ ಊರಾಗ ಇರ್ತಾರ್ರಿ? ಮೂರು ವರ್ಷ ನಾ ಏನೇನೋ ಚೇಷ್ಟಿ ಮಾಡೀನಿ. ತಪ್ಪಾತ್ರಿ."

ವಿದ್ಯಾವತಿ ಚೀಲಗಳನ್ನು ಕೆಳಗಿಟ್ಟಳು. ಅವನು ಎಲ್ಲಿ ಎಡವಿದ್ದಾನೆಂಬುದು ಅವಳಿಗೆ ಆಗ ತಿಳಿಯಿತು.

ಅವರ ಕಡೆಯ ಮನೆತನಗಳಲ್ಲಿ ಒಂದು ರೂಢಿಯಿತ್ತು. ಮದುವೆ ಮುರಿದು ಸೋಡಚೀಟಿ, ಅಂದರೆ ಬಿಡುಗಡೆಯ ಕಾಗದ, ಬರೆದ ದಿನ ಗಂಡನ ಮನೆಯಿಂದ ಸಾಮಾನು ತಿರುಗಿ ಬರುತ್ತದೆ. ಹಿರಿಯರ ಎದುರಿಗೇ ಅರ ಹಾಕಿ ಭಾಂಡೆಯ ಮೇಲಿನ ಜೋಡಿ ಹೆಸರು ಉಜ್ಜುತ್ತಾರೆ. ಉಜ್ಜಿದರೆ ನಂಟು ಬಿಟ್ಟಿತು. ಹೆಸರು ಉಳಿದಿದ್ದರೆ ನಂಟೂ ಉಳಿದಿದೆ ಎಂದೇ ಅರ್ಥ. ಹಳೆ ಭಾಂಡೆಯಲ್ಲೇ ಬದುಕುವ ಶಿವಪುತ್ರ ಬೇರೆ ಹೇಗೆ ತಿಳಿದಾನು?

"ನಂದು ಬಿಟ್ಟು ಒಂಬತ್ತು ವರ್ಷ ಆತ್ರಿ," ಎಂದಳು. "ಹಿರೇರು ಬರಕೊಟ್ಟಾರ, ಕೋರ್ಟಿನ ಕಾಗದಾನೂ ಐತಿ. ಅವರು ಎರಡನೇ ಮದುವಿ ಆಗಿ ಮಕ್ಕಳೂ ಅದಾವ."

ಅವನು ಮುಖ ಎತ್ತಿದ. "ಮತ್ತ ಹೆಸರು?"

"ಅವತ್ತು ಅರ ಹಿಡಿದ ಕೂಡ್ಲೆ ನಮ್ಮವ್ವ ಬಂದು ಕೊಡಾ ತಬ್ಬಿ ಕುಂತ್ಲು. ಅವನ ಹೆಸರು ಉಜ್ಜೂದಾದ್ರ ಉಜ್ಜರಿ, ನನ್ನ ಮಗಳ ಹೆಸರಿಗೆ ಅರ ಹಚ್ಚಬ್ಯಾಡ್ರಿ ಅಂತ ಅತ್ಲು. ಎರಡೂ ಒಂದ ಸಾಲಿನ್ಯಾಗ ಇದ್ವು. ಹಿರೇರಿಗೂ ಸಾಕಾಗಿತ್ತು. ಎದ್ದು ಹೋದ್ರು." ಅವಳ ದನಿ ಕುಗ್ಗಿತು. "ಅವ್ವ ಹೋದ ವರ್ಷ ಲಿಂಗೈಕ್ಯ ಆದ್ಲು. ಇನ್ನ ಯಾರಿಗೆ ಅಂತ ಅಣ್ಣ ಅಟ್ಟಾ ಖಾಲಿ ಮಾಡ್ಯಾನು. ನನಗ ಸಾಮಾನಂದ್ರ ಬ್ಯಾಸರ ಬಂದದ್ದು ಆ ಸೋಡಚೀಟಿ ಬರದ ದಿನಾರಿ. ಟೆಂಪೋದಾಗಿಂದ ಮಂಚ, ಕಪಾಟ, ಇಪ್ಪತ್ತೊಂದು ಭಾಂಡೆ ಇಳಿಸಾತ್ತಿದ್ರು. ಓಣಿ ತುಂಬ ಮಂದಿ. ನನ್ನ ಇಳಿಸಿಕೊಳ್ಳಾಕ ಯಾರೂ ಬರಲಿಲ್ಲ."

ಶಿವಪುತ್ರ ಒಂದು ತಾಟನ್ನು ಎತ್ತಿ ಮೆಲ್ಲಗೆ ಒರೆಸತೊಡಗಿದ. ಬಿಸಿಲು ಬೇವಿನ ಎಲೆಗಳ ನಡುವಿನಿಂದ ಇಳಿದು ತಾಟುಗಳ ಮೇಲೆ ಅಲುಗಾಡುತ್ತಿತ್ತು.

ಅಷ್ಟರಲ್ಲಿ ಕುರಿಗಾರರ ಮನೆಯ ಮುದುಕಿ ಹಾಲವ್ವ ಬಂದು ಕೊಡವನ್ನು ಬೆರಳಿಂದ ಬಾರಿಸಿದಳು. "ಏ ಶಿವಪುತ್ರ, ಇದು ಸೋರತೈತೇನೋ?"

"ಇಲ್ಲ ಆಯಿ. ಗಟ್ಟಿ ಐತಿ. ಆದ್ರ..."

"ಆದ್ರ ಏನು? ಇಲ್ಲೇನೋ ಬರದಾರಲ್ಲ, ಏನದು?"

ಅವನು ವಿದ್ಯಾವತಿಯನ್ನು ನೋಡಿದ. ಕೊಡುವುದೋ ಬಿಡುವುದೋ ನೀವೇ ಹೇಳಿ ಎಂಬಂತೆ.

ವಿದ್ಯಾವತಿ ಆ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದಳು. ಅವ್ವನ ತೋಳು ಅಲ್ಲೇ ಬಳಸಿತ್ತು. ನಂತರ ಹೇಳಿದಳು, "ಹಿಂದಿನವ್ರ ಹೆಸರು, ಆಯಿ. ಉಜ್ಜಿ ಕೊಡ್ಲೇನು?"

"ಯಾಕ ಉಜ್ಜತಿ? ಇರಲಿ ಬಿಡು. ನೀರಿಗೇನು ಓದಾಕ ಬರತೈತಿ?"

ಹಾಲವ್ವ ಚೌಕಾಸಿ ಮಾಡಿ, ಶಿವಪುತ್ರನ ಅಪ್ಪನ ಕಾಲದಿಂದಲೂ ಇವರು ಮೋಸಗಾರರೆಂದು ಬೈದು, ಕೊಡವನ್ನು ಸೊಂಟಕ್ಕೇರಿಸಿ ಗದ್ದಲದಲ್ಲಿ ಹೋದಳು. ವಿದ್ಯಾವತಿ ಕಾಣುವವರೆಗೂ ನೋಡಿದಳು. ಅಳು ಬರಬಹುದೆಂದು ಕಾದಳು. ಬಂದದ್ದು ಉದ್ದನೆಯ ಉಸಿರು.

"ಬಾಯಾರ," ಎಂದ ಶಿವಪುತ್ರ, "ಈ ಚೀಲದಾಗ ಏನೈತ್ರಿ?"

"ಎಲ್ಲಾ. ಗುರುಸಿದ್ದ, ದುಂಡವ್ವ, ಎಲ್ಲಾರೂ. ತಿರುಗಿ ತಗೋರಿ. ಬದಲಿ ಆಗೇತಿ. ಸೋಮವಾರ ಹೋಗೂದು."

ಚೀಲಕ್ಕೆ ಚಾಚಿದ ಅವನ ಕೈ ಅಲ್ಲೇ ನಿಂತಿತು. ದೂರದಲ್ಲಿ ಯಾರೋ ಮೆಣಸಿನಕಾಯಿಯ ಧಾರಣೆ ಕೂಗುತ್ತಿದ್ದರು.

"ನನ್ನ ಮನಿ ತುಂಬ ಸಾಮಾನ್ರಿ," ಎಂದ ಕೊನೆಗೆ. "ಕಾಲಿಡಾಕ ಜಾಗಾ ಇಲ್ಲ. ಅದರಾಗ ನಂದು ಅನ್ನೂದು ಒಂದ ಚಾದರ, ಕೊರಳಾಗಿನ ಲಿಂಗ. ಉಳದದ್ದೆಲ್ಲ ಬರೂದು, ಹೋಗೂದು. ದಣದೀನ್ರಿ ನಾನೂ. ಸಂಜೀಕ ಮನಿಗೆ ಹೋದ್ರ ಬಾ ಅನ್ನೋರಿಲ್ಲ." ಮಾತು ತೊಡರಿತು. "ನೀವು ಯಾವ ಊರಿಗೆ ಹೋದ್ರೂ ಅಲ್ಲೊಂದು ಸಂತಿ ಇರತೈತಿ. ನನ್ನ ಟಮಟಮಕ್ಕ ಎಲ್ಲಾ ಊರೂ ಒಂದ. ನಾ... ನಿಮ್ಮ ಕೂಡ ಬರ್ಲಿ?"

ವಿದ್ಯಾವತಿಗೆ ನಗು ಬಂತು. ಕಣ್ಣು ಮಾತ್ರ ತುಂಬಿಕೊಂಡವು.

"ಹೆಣ್ಣಮಕ್ಕಳನ್ನ ಕರಕೊಂಡು ಹೋಗ್ತೀನಿ ಅನ್ನೋ ಗಂಡಸರನ್ನ ಕೇಳಿದ್ದೆ. ಕೂಡ ಬರ್ತೀನಿ ಅನ್ನೋರನ್ನ ಇವತ್ತ ನೋಡಿದೆ."

"ಬ್ಯಾಡಂದ್ರ ಬ್ಯಾಡ್ರಿ..."

"ಬ್ಯಾಡಂತ ಯಾರಂದ್ರು? ಮೂರು ವರ್ಷ ತಿಕ್ಕಿದ ಚರಗಿ ತಿಕ್ಕಿದ್ರಿ. ಇಷ್ಟು ಕೇಳಾಕ ಇಷ್ಟು ಹೊತ್ತೇನ್ರಿ?" ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಐತವಾರ ಬೆಳುಂಕಿಗೆ ಬರ್ರಿ. ಅಣ್ಣನ್ನ ಕೇಳ್ರಿ. ಒಂದ ಮಾತು. ಆಹೇರಿ ಬ್ಯಾಡ, ಮಂಚ ಬ್ಯಾಡ, ಕಪಾಟ ಬ್ಯಾಡ. ಒಂದು ವಿಭೂತಿ ಉಂಡಿ, ಎರಡು ಹೂವಿನ ಹಾರ. ಅಷ್ಟ."

"ಅಷ್ಟನೂ ಹೊಸಾವ ತರಬೇಕಾಗತೈತಿ. ಹಳೇ ಹಾರ ನಡಿಯೂದಿಲ್ಲ," ಎಂದ ಅವನು. ಮೂರು ವರ್ಷದ ಚೇಷ್ಟೆ ಒಮ್ಮೆಲೇ ಮುಖಕ್ಕೆ ಮರಳಿತು.

ಆಮೇಲೆ ಎದ್ದು, ಖಾಲಿ ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ತನ್ನ ಪಕ್ಕದ ನೆರಳಿಗೆ ಹಾಸಿದ. "ಕುಂದ್ರಿ. ಬಸ್ಸಿಗೆ ಇನ್ನೂ ಹೊತ್ತೈತಿ."

ವಿದ್ಯಾವತಿ ಗೋಣಿತಟ್ಟನ್ನು ಸುತ್ತು ಬಳಸಿ, ಮಾರುವವರ ಕಡೆಗೆ ಹೋಗಿ ಕುಳಿತಳು. ಕಾಲು ನೋಯುತ್ತಿದ್ದವು. ಬೇವಿಗೆ ಬೆನ್ನು ಕೊಟ್ಟಳು. ಅವನ ಮೊಣಕೈ ಅವಳ ಸೆರಗಿಗೆ ತಾಕಿಯೂ ತಾಕದಂತೆ ಇತ್ತು.

ಎದುರಿಗೆ ಒಬ್ಬ ಹೆಣ್ಣುಮಗಳು ಬಂದು ನಿಂತು, ರೊಟ್ಟಿ ನಾದುವ ಪರಾತವನ್ನು ಎತ್ತಿ ಹಿಂದೆ ಮುಂದೆ ನೋಡಿ, ನೇರ ವಿದ್ಯಾವತಿಯನ್ನೇ ಕೇಳಿದಳು:

"ಹೆಂಗೈತಿರಿ ಇದು?"

ಶಿವಪುತ್ರ ಬಾಯಿ ತೆರೆದವನು ಸುಮ್ಮನಾದ.

"ಹಳೇದೈತ್ರಿ," ಎಂದಳು ವಿದ್ಯಾವತಿ. "ಭಾಳ ಚಲೋ ಐತಿ."