ಮೊನೆಯಿಲ್ಲದ ಗಾಳ

ನನ್ನ ಕಲ್ಲಿನ ಮೇಲೆ ಯಾರೋ ಒಬ್ಬ ಗಂಡಸು ನಿಂತಿದ್ದ.

ನನ್ನ ಕಲ್ಲು ಅಂದರೆ ಅದಕ್ಕೆ ಕಾಗದಪತ್ರ ಇದೆ ಅಂತಲ್ಲ. ದಡದಿಂದ ಮೂವತ್ತು ಹೆಜ್ಜೆ ನೀರಿನೊಳಗೆ ನಡೆದರೆ, ದನ ಮಲಗಿದ ಹಾಗೆ ಒಂದು ಬಂಡೆ. ಅದರ ಮೇಲೆ ನಿಂತು ಗಾಳ ಎಸೆದರೆ ಪಾಚಿಯ ಸಾಲಿನ ಆಚೆಗೆ ಬೀಳುತ್ತದೆ. ಕಡಲ ಟ್ರೌಟ್ ಮೀನು ಓಡಾಡುವುದು ಅಲ್ಲೇ. ಅಕ್ಟೋಬರ್ ಬಂತೆಂದರೆ ನಾನು ಮಧ್ಯಾಹ್ನ ಎರಡಕ್ಕೆ ಬೇಕರಿಯ ಬಾಗಿಲೆಳೆದು, ಎದೆಯವರೆಗಿನ ರಬ್ಬರ್ ಪ್ಯಾಂಟು ಏರಿಸಿಕೊಂಡು ಅಲ್ಲಿಗೆ ಓಡುತ್ತೇನೆ. ಹದಿನಾಲ್ಕು ವರ್ಷದಿಂದ ಹೀಗೇ. ಇಡೀ ಊರಿಗೆ ಗೊತ್ತು.

ಆ ಮನುಷ್ಯನಿಗೆ ಮಾತ್ರ ಗೊತ್ತಿರಲಿಲ್ಲ.

“ಏನಾದ್ರೂ ಸಿಕ್ತಾ?” ಕೂಗಿದೆ. ನಮ್ಮ ದಡದಲ್ಲಿ ಇದು ನಮಸ್ಕಾರವಿದ್ದ ಹಾಗೆ.

ಅವನು ತಿರುಗಿ ನೋಡಿದ. ನಿಧಾನವಾಗಿ ಯೋಚಿಸಿದ. ಆಮೇಲೆ ಹೇಳಿದ: “ಇಲ್ಲ.”

“ನೀವು ನಮ್ಮ ಫ್ಯೂನ್ ದ್ವೀಪದವರಲ್ಲ.”

“ಅಲ್ಲ. ಜುಟ್ಲೆಂಡ್.”

“ಗೊತ್ತಾಯ್ತು ಬಿಡಿ. ಎರಡು ಪದಕ್ಕೆ ಅರ್ಧ ಗಂಟೆ ತಗೊಂಡ್ರಲ್ಲ!”

ಜುಟ್ಲೆಂಡಿನವರು ಮಾತಿಗೆ ಜಿಪುಣರು ಅಂತ ನಮ್ಮ ಕಡೆ ಎಲ್ಲರೂ ಆಡಿಕೊಳ್ಳುತ್ತಾರೆ. ಅವನು ನಕ್ಕನೋ ಇಲ್ಲವೋ ಅಷ್ಟು ದೂರದಿಂದ ಕಾಣಲಿಲ್ಲ. ಟೋಪಿ ಮಾತ್ರ ಸ್ವಲ್ಪ ಅಲುಗಿತು.

ಆ ಕಲ್ಲಿಗೆ ಒಂದು ಕಾನೂನಿದೆ. ನನ್ನಪ್ಪನ ಕಾಲದಿಂದ ಬಂದದ್ದು. ಮೊದಲು ಬಂದವರು ಹತ್ತಬೇಕು, ಎರಡನೆಯವರು ದಡದಲ್ಲಿ ಕೂತು ಕಾಯಬೇಕು. ಮೇಲಿದ್ದವರ ಕೈಗೆ ಮೀನು ಬಂದರೆ, ಇಟ್ಟುಕೊಂಡರೂ ಸರಿ, ಬಿಟ್ಟರೂ ಸರಿ, ಇಳಿದು ಕಾದವರಿಗೆ ಕಲ್ಲು ಕೊಡಬೇಕು. ಮೀನು ಕಚ್ಚಿ ತಪ್ಪಿಸಿಕೊಂಡರೆ ಅದು ಲೆಕ್ಕಕ್ಕಿಲ್ಲ. ನಾನು ಇದನ್ನೆಲ್ಲ ಅವನಿಗೆ ಕೂಗಿ ಹೇಳಿದೆ. ಅವನು ತಲೆಯಾಡಿಸಿದ.

ಹೆಸರು ಎಸ್ಬೆನ್. ಹುಲ್ಲಿನ ಮಾಡು ಹೊದಿಸುವ ಕೆಲಸ. ನಮ್ಮೂರ ಡಾಗ್ನಿ ಅಜ್ಜಿಯ ಮನೆಯ ಮಾಡು ಹೊಸದು ಮಾಡಲು ಬಂದಿದ್ದ. ಬೆಳಕು ಹರಿಯುವ ಹೊತ್ತಿಗೆ ಏಣಿ ಹತ್ತಿದರೆ ಒಂದು ಗಂಟೆಗೆ ಇಳಿಯುತ್ತಾನೆ. ನವೆಂಬರ್ ಮಧ್ಯಕ್ಕೆ ಕೆಲಸ ಮುಗಿಸಿ ಊರಿಗೆ ವಾಪಸ್ಸು. ಇಷ್ಟನ್ನು ಹೊರಡಿಸಲು ನನಗೆ ಮೂರು ದಿನ ಬೇಕಾಯಿತು.

ನನ್ನ ವಿಷಯ ಹೊರಡಿಸಲು ಯಾರಿಗೂ ಮೂರು ನಿಮಿಷವೂ ಬೇಡ. ನಾನು ಮಾತಾಡುವವಳು. ಅದು ನನ್ನ ಜಾಯಮಾನ. ರೈ ಬ್ರೆಡ್ ಕೊಳ್ಳಲು ಬಂದವರು ಬ್ರೆಡ್ಡಿನ ಜೊತೆ ನಾಲ್ಕು ಸುದ್ದಿ ಕಟ್ಟಿಸಿಕೊಂಡು ಹೋಗುತ್ತಾರೆ. ಕೆಲವರು ಸುದ್ದಿಗೆ ಹೆದರಿ ಬಾಗಿಲಲ್ಲೇ ಬ್ರೆಡ್ಡಿನ ಹೆಸರು ಕೂಗುತ್ತಾರೆ. ಒಂಬತ್ತು ವರ್ಷ ಗಂಡನಾಗಿದ್ದ ಪ್ರೇಬೆನ್ ನಾನು ಬಾಯಿ ತೆರೆದ ಕೂಡಲೇ ರೇಡಿಯೋ ದೊಡ್ಡದು ಮಾಡುತ್ತಿದ್ದ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ರೇಡಿಯೋ, ಅಷ್ಟೇ. ಅವನು ನನ್ನನ್ನು ಬಿಟ್ಟು ಹೋದ ದಿನ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನಾನು ಅಪ್ಪನ ಗಾಳದ ಕೋಲು ಹಿಡಿದು ಸಮುದ್ರಕ್ಕೆ ಇಳಿದೆ. ಇನ್ನು ಯಾವ ಗಂಡಸಿನ ಎದುರೂ ನನ್ನ ಮಾತು ಸುರಿಯುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದ್ದೆ.

ತೀರ್ಮಾನ ಎಸ್ಬೆನ್ ಬಂದ ಮೊದಲ ವಾರಕ್ಕೇ ನೀರುಪಾಲಾಯಿತು. ದಡದಲ್ಲಿ ಸುಮ್ಮನೆ ಕೂತು ಏನು ಮಾಡುವುದು? ಫ್ಲಾಸ್ಕಿನ ಕಾಫಿ ಹೀರುತ್ತಾ ಅವನ ಬೆನ್ನಿಗೆ ಮಾತಾಡತೊಡಗಿದೆ. ಒಂದು ದಿನ ನಮ್ಮ ಪಾದ್ರಿಯವರ ನಾಯಿ ಮದುವೆಯ ಕೇಕಿನ ಕೆಳಗಿನ ಅಂತಸ್ತನ್ನು ಮಾತ್ರ ತಿಂದ ಕಥೆ ಹೇಳುತ್ತಿದ್ದೆ. ಅಷ್ಟರಲ್ಲಿ ಅವನ ಕೋಲು ಬಾಗಿತು. ಬೆಳ್ಳಿ ಬಣ್ಣದ ಟ್ರೌಟ್ ಮೀನು, ಎರಡು ಕಿಲೋ. ಅವನು ಇಳಿದ, ನಾನು ಹತ್ತಿದೆ. ಕಲ್ಲು ಹತ್ತಿದ ಮೇಲೆ ನಾನು ಮೂಗಿ. ಅಲ್ಲಿ ಕಣ್ಣು, ಕೈ, ನೀರು ಇಷ್ಟೇ.

ಅದಾದ ಮೇಲೆ ಅವನಿಗೆ ಒಂದೇ ಒಂದು ಮೀನು ಸಿಗಲಿಲ್ಲ!

ಕಚ್ಚುವುದು ದಿನಾ ಕಚ್ಚುತ್ತಿತ್ತು. ಕೋಲು ಬಾಗುವುದು, ನೀರು ಚಿಮ್ಮುವುದು, ತಾಮ್ರದ ಬಣ್ಣದ ದೊಡ್ಡ ಬೆನ್ನೊಂದು ಮಿಂಚುವುದು, ದಾರ ಸಡಿಲವಾಗುವುದು. ಕಾನೂನು ಕಾನೂನೇ. ಅವನು ಕಲ್ಲಿನ ಮೇಲೆ, ನಾನು ದಡದಲ್ಲಿ. ನಾನು ಮೊದಲು ಬಂದ ದಿನ ಅರ್ಧ ಗಂಟೆಯಲ್ಲಿ ಒಂದು ಮೀನು ಎಳೆದು ಮರ್ಯಾದೆಯಾಗಿ ಇಳಿಯುತ್ತಿದ್ದೆ. ಅವನು ಹತ್ತಿದರೆ ಸೂರ್ಯ ಮುಳುಗುವವರೆಗೂ ಅಲ್ಲೇ.

“ಮತ್ತೆ ಹೋಯ್ತಾ?”

“ಹೋಯ್ತು.”

“ನಿಮ್ಮ ಕೈಯಲ್ಲಿ ಮಾಡು ಹೇಗೆ ನಿಲ್ಲುತ್ತೆ ಮಾರಾಯ್ರೇ? ಡಾಗ್ನಿ ಅಜ್ಜಿಗೆ ಒಂದು ಕೊಡೆ ತಂದಿಡೋಕೆ ಹೇಳ್ತೀನಿ.”

“ಎರಡು ಹೇಳಿ. ಬೆಕ್ಕಿಗೂ ಒಂದು.”

ಜುಟ್ಲೆಂಡಿನವನ ಬಾಯಿಂದ ತಮಾಷೆ! ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ನಗು.

ನಿಜ ಹೇಳಬೇಕು. ಒಂದು ಕಿಲೋಮೀಟರ್ ನಡೆದರೆ ಇಷ್ಟೇ ಒಳ್ಳೆಯ ಇನ್ನೊಂದು ಜಾಗ ಇತ್ತು. ನಾನು ಹೋಗಲಿಲ್ಲ. ಗಾಳಿ ಪಶ್ಚಿಮದ್ದು, ಕಾಲಿಗೆ ಚಳಿ, ಇಲ್ಲೇ ಇರುತ್ತೇನೆ ಅಂತ ನನಗೇ ಸುಳ್ಳು ಹೇಳಿಕೊಂಡೆ. ಗಸಗಸೆ ಬನ್ನು ಒಂದರ ಬದಲು ಎರಡು ತರತೊಡಗಿದೆ. ಅವನು ಕಾಫಿಗೆ ದಡಕ್ಕೆ ಬಂದಾಗ ಬನ್ನು ತೆಗೆದುಕೊಳ್ಳುವ ಮೊದಲು ನನ್ನ ಮುಖ ನೋಡುತ್ತಿದ್ದ. ಗಾಳಿಗೆ ಕೆಂಪಾದ ಕಣ್ಣು, ರೆಪ್ಪೆಯ ಮೇಲೊಂದು ಹುಲ್ಲಿನ ಚೂರು. ಅದನ್ನು ತೆಗೆಯಲು ಬೆರಳು ಎಷ್ಟೋ ಸಲ ಹೊರಟು ಜೇಬಿಗೆ ವಾಪಸ್ಸಾಗಿತ್ತು.

ನವೆಂಬರ್ ಎಂಟರಂದು ಎಲ್ಲ ಕೆಟ್ಟಿತು.

ಅವನು ಕೋಲನ್ನು ಹೆಗಲಿಗೇರಿಸಿ ಕಾಫಿಗೆ ಬರುತ್ತಿದ್ದ. ಗಾಳಿ ಜೋರಾಗಿತ್ತು. ದಾರದ ತುದಿಗೆ ತೂಗಾಡುತ್ತಿದ್ದ, ಕೊಕ್ಕೆ ಕಟ್ಟಿದ ತಗಡಿನ ಮೀನು ಹಾರಿ ಬಂದು ಸೀದಾ ನನ್ನ ಉಣ್ಣೆಯ ಟೋಪಿಗೆ ಬಡಿಯಿತು. ನಾನು ಚೀರಿದೆ. ಕೊಕ್ಕೆ ಉಣ್ಣೆಗೆ ಸಿಕ್ಕರೆ ಕತ್ತರಿಯೇ ಗತಿ. ಆದರೆ ಅದು ಸಿಕ್ಕಲೇ ಇಲ್ಲ. ಚಮಚ ಜಾರಿದ ಹಾಗೆ ಜಾರಿ ಮಡಿಲಿಗೆ ಬಿತ್ತು. ಎತ್ತಿ ನೋಡಿದೆ. ಕೊಕ್ಕೆಗೆ ಮೊನೆಯೇ ಇಲ್ಲ! ಅರದಿಂದ ಉಜ್ಜಿ ಉಜ್ಜಿ ಗುಂಡಗೆ ಮಾಡಲಾಗಿತ್ತು.

“ಇದೇನು?”

ಅವನ ಮುಖ ಬಿಳಿಚಿತು. “ಅದು… ಮೆರೆಟೆ, ನಾನು…”

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ.

“ಮೀನು ಕೈಗೆ ಬರಬಾರದು, ಕಲ್ಲು ಇಳೀಬಾರದು, ಹಂಗೇ ತಾನೇ? ಒಂದು ತಿಂಗಳಿಂದ ಒಂದು ಅರ ಇಟ್ಕೊಂಡು ನನ್ನ ಕಲ್ಲು ಕದ್ರಿ! ನಾನು ಇಲ್ಲಿ ಚಳೀಲಿ ಹಲ್ಲು ಕಡೀತಾ ಕೂತು, ಅಯ್ಯೋ ಪಾಪ ಅಂತ ನಿಮಗೆ ಬನ್ನು ಬೇರೆ ತಂದೆ. ಬೆನ್ನು ಮಾಡಿ ನಿಂತು ನಗ್ತಾ ಇದ್ರಾ? ಈ ಬಾಯಿಬಡುಕಿ ಎಷ್ಟು ದಿನ ಕೂರ್ತಾಳೆ ನೋಡೋಣ ಅಂತ?”

“ಅಲ್ಲ, ಕೇಳಿ…”

“ಏನೂ ಕೇಳಲ್ಲ!”

ಫ್ಲಾಸ್ಕು ಕೂಡ ಮರೆತು ಬಂದೆ.

ಮರುದಿನ ಅವನು ಬರಲಿಲ್ಲ. ಫ್ಲಾಸ್ಕು ತೊಳೆದು ಬೇಕರಿಯ ಮೆಟ್ಟಿಲ ಮೇಲೆ ಇಟ್ಟಿತ್ತು. ಅದರ ಮಾರನೇ ದಿನವೂ ಇಲ್ಲ. ಕಲ್ಲು ಪೂರ್ತಿ ನನ್ನದು. ಮೂರನೆಯ ದಿನ ಮೂರು ಕಿಲೋದ ಬೆಳ್ಳಿ ಮೀನು ಬಂತು. ಅಂಥ ಮೀನು ಎರಡು ವರ್ಷದಲ್ಲಿ ಕಂಡಿರಲಿಲ್ಲ. ಅಭ್ಯಾಸಬಲ, ತಕ್ಷಣ ಕಲ್ಲಿಳಿದು ದಡಕ್ಕೆ ನಡೆದೆ. ಕಲ್ಲು ಕೊಡಲು ಅಲ್ಲಿ ಯಾರೂ ಇರಲಿಲ್ಲ. ಮೀನು ಕೈಯಲ್ಲಿ ಹಿಡಿದು ಅಲ್ಲೇ ಅತ್ತೆ.

ಬೆಣ್ಣೆಯಲ್ಲಿ ಹುರಿದು ತಟ್ಟೆಗೆ ಹಾಕಿಕೊಂಡೆ. ಒಂದು ತುತ್ತೂ ಇಳಿಯಲಿಲ್ಲ. ನಾನು ಈ ಒಂದು ತಿಂಗಳು ಏನೇನು ಹೇಳಿದ್ದೆ ಎಂದು ಯೋಚಿಸಿದೆ. ಅಪ್ಪನ ವಿಷಯ, ಹಿಟ್ಟು ಉಬ್ಬದ ದಿನಗಳು, ಆ ರೇಡಿಯೋ ಕೂಡ. ಒಂದು ಸಲವೂ ಆ ಬೆನ್ನು ‘ಸಾಕು’ ಅಂದಿರಲಿಲ್ಲ. ಗಾಳಿ ಜೋರಾದಾಗ ಅವನು ಕಿವಿಯ ಮೇಲಿನ ಟೋಪಿ ಸರಿಸುತ್ತಿದ್ದ. ಚಳಿಯಲ್ಲಿ ಯಾರೇ ಆದರೂ ಟೋಪಿಯನ್ನು ಕೆಳಗೆ ಎಳೆಯುತ್ತಾರೆ. ಅವನು ಮೇಲೆ ಸರಿಸುತ್ತಿದ್ದ!

ಮೋಸಗಾರ ಹೀಗೆ ಮಾಡುವುದಿಲ್ಲ ಎಂದು ಮನಸ್ಸು ಹೇಳಿತು. ಆದರೆ ನಾಳಿದ್ದು ಅವನ ಕೆಲಸ ಮುಗಿಯುತ್ತದೆ. ಅವನು ಹೋದರೆ ನನ್ನ ಮಾತಿಗೆ ಮತ್ತೆ ಅದೇ ಬ್ರೆಡ್ಡಿನ ಗಿರಾಕಿಗಳು. ಬೆಳಗಾದ ಮೇಲೆ ಅಂಗಡಿಗೆ ‘ಈಗ ಬರುತ್ತೇನೆ’ ಎಂದು ಬೋರ್ಡು ತಗುಲಿಸಿ ಡಾಗ್ನಿ ಅಜ್ಜಿಯ ಮನೆಗೆ ನಡೆದೆ.

ಅಜ್ಜಿ ಅಂಗಳದಲ್ಲೇ ಇದ್ದರು. “ಬಂದ್ಯಾ ತಾಯಿ? ಒಳ್ಳೇದಾಯ್ತು. ನಾಲ್ಕು ದಿನದಿಂದ ಮೇಲೆ ಕೂತು ಸಮುದ್ರ ನೋಡ್ತಾನೆ. ಹುಲ್ಲು ಹೊದಿಸ್ತಾನೋ, ಹಕ್ಕಿ ಕಾಯ್ತಾನೋ ದೇವರಿಗೇ ಗೊತ್ತು.”

“ಎಸ್ಬೆನ್! ಇಳೀರಿ ಕೆಳಗೆ!”

ಮಾಡಿನ ತುದಿಯಿಂದ ಒಂದು ತಲೆ ಹೊರಬಂತು. “ಬೈಯೋಕಾ?”

“ಅದು ಇಳಿದ ಮೇಲೆ ತೀರ್ಮಾನ.”

ಅವನು ಇಳಿದ. ಕೂದಲ ತುಂಬ ಹುಲ್ಲು, ಕೈ ಒಡೆದು ಗಾಯವಾಗಿತ್ತು. ಅಜ್ಜಿ ಬೆಕ್ಕಿಗೆ ಹಾಲಿಡುವ ನೆಪದಲ್ಲಿ ಒಳಗೆ ಹೋದರು. ಅಡುಗೆಮನೆಯ ಕಿಟಕಿ ಮಾತ್ರ ತೆರೆಯಿತು.

“ಯಾಕೆ ಉಜ್ಜಿದ್ರಿ? ಹೇಳಿ. ಈ ಸಲ ನಾನು ನಡುವೆ ಬಾಯಿ ಹಾಕಲ್ಲ.”

ಅವನು ಏಣಿ ಹಿಡಿದು ನಿಂತ. ನಾನು ತುಟಿ ಕಚ್ಚಿ ಕಾದೆ. ನನ್ನ ಜೀವಮಾನದ ಅತಿ ಉದ್ದದ ಒಂದು ನಿಮಿಷ ಅದು.

“ತಾಮ್ರದ ಬಣ್ಣ ಬಂದ ಮೀನು ಹೊಳೆಗೆ ಹೊರಟಿರುತ್ತೆ, ಮೊಟ್ಟೆ ಇಡೋಕೆ. ನಮ್ಮೂರಲ್ಲಿ ನಾವು ಕೆಲವರು ಅವುಕ್ಕೆ ಮೊಟ್ಟೆ ಇಡೋ ಜಾಗ ಆಗ್ಲಿ ಅಂತ ಹೊಳೆಗೆ ಜಲ್ಲಿ ಹೊತ್ತು ಹಾಕ್ತೀವಿ. ಅದಕ್ಕೆ ಕೊಕ್ಕೆ ಚುಚ್ಚೋಕೆ ಮನಸ್ಸಾಗಲ್ಲ. ಅದೊಂದು ಕಾರಣ.”

“ಅಷ್ಟೇ ಆದ್ರೆ ಹೇಳ್ಬಹುದಿತ್ತು. ಕಲ್ಲು ಬಿಟ್ಟು ಕೊಡ್ಬಹುದಿತ್ತು.”

“ಅದೊಂದು ಕಾರಣ ಅಂದೆ.” ಅವನ ಕಿವಿ ಕೆಂಪಾಯಿತು. “ನೀವು ಕಾಯ್ತಾ ಕೂತಾಗ ಮಾತಾಡ್ತೀರಿ. ಕಲ್ಲು ಹತ್ತಿದ್ರೆ ಒಂದು ಮಾತಿಲ್ಲ. ಅವತ್ತು ನನಗೆ ಮೀನು ಬಂತಲ್ಲ, ನಾನು ಇಳಿದೆ, ನೀವು ಹತ್ತಿದ್ರಿ. ನಾಯಿ ಕಥೆ ಅರ್ಧಕ್ಕೇ ನಿಂತುಹೋಯ್ತು, ಇವತ್ತಿಗೂ ಮುಗಿದಿಲ್ಲ. ಪಾದ್ರಿಯವರು ಕೇಕಿನ ಉಳಿದ ಅಂತಸ್ತು ಏನು ಮಾಡಿದ್ರು ಅಂತ ನನಗೆ ನಿದ್ದೇನೇ ಬರ್ಲಿಲ್ಲ. ಮರುದಿನ ಬೆಳಿಗ್ಗೆ ಅರ ತಗೊಂಡೆ.”

ನಾನು ಏಣಿಯ ಇನ್ನೊಂದು ಬದಿ ಹಿಡಿದುಕೊಂಡೆ.

“ಬೆಳಗಿಂದ ಮಾಡಿನ ಮೇಲೆ ಒಬ್ಬನೇ ಇರ್ತೀನಿ, ಮೆರೆಟೆ. ಹುಲ್ಲು, ಗಾಳಿ, ನಾನು. ಎರಡು ಗಂಟೆ ಆಗೋದನ್ನೇ ಕಾಯ್ತಿದ್ದೆ. ಮೀನಿಗಲ್ಲ.”

“ನಾನು… ನಾನು ಚಳಿಗಾಲದಲ್ಲೂ ಮಾತಾಡ್ತೀನಿ,” ಅಂದೆ. “ಬೆಳಿಗ್ಗೆ ನಾಲ್ಕಕ್ಕೆ ಹಿಟ್ಟು ಕಲಸುವಾಗಲೂ ಮಾತಾಡ್ತೀನಿ. ಜ್ವರ ಬಂದ್ರೆ ಇನ್ನೂ ಜಾಸ್ತಿ. ದಡದಲ್ಲಿ ಕೇಳಿದ್ದು ಬರೀ ಸ್ಯಾಂಪಲ್ಲು.”

“ಗೊತ್ತು.”

“ನೀವು ನಾಳೆ ಹೊರಡ್ತೀರಿ.”

“ಈ ಊರಲ್ಲಿ ಹುಲ್ಲಿನ ಮಾಡು ಹನ್ನೊಂದಿವೆ. ಮೇಲಿಂದ ಕಾಣುತ್ತೆ. ಏಳು ಸೋರ್ತಾವೆ.”

“ಆ ಮನೆಯವರನ್ನ ಕೇಳಿದ್ರಾ?”

“ಇಲ್ಲ. ಮೊದಲು ನಿನ್ನನ್ನ ಕೇಳ್ಬೇಕಿತ್ತು.”

“ಏನಂತ?”

“ಇರಲಾ ಅಂತ.”

ಒಳಗೆ ಅಡುಗೆಮನೆಯಲ್ಲಿ ಅಜ್ಜಿ ಏನೋ ಬೀಳಿಸಿದರು. ನನ್ನ ಕೈ ಜೇಬಿನಿಂದ ತಾನಾಗಿ ಹೊರಬಂದು ಅವನ ರೆಪ್ಪೆಯ ಮೇಲಿನ ಹುಲ್ಲು ತೆಗೆಯಿತು. ಬೆರಳು ಅಲ್ಲೇ ಉಳಿಯಿತು. ಅವನು ಕಣ್ಣು ಮುಚ್ಚಿದ. ಹೇಳಬೇಕಾದ್ದು ಸಾವಿರ ಇತ್ತು, ಒಂದೂ ಹೊರಡಲಿಲ್ಲ. ನಾನು ಆ ಕ್ಷಣ ಎಲ್ಲರಿಗೂ ಋಣಿಯಾಗಿದ್ದೆ: ಅಪ್ಪನಿಗೆ, ಸೋರುವ ಮಾಡುಗಳಿಗೆ, ಸಿಗದೆ ಹೋದ ಆ ಮೀನುಗಳಿಗೆಲ್ಲ.

ಅವನು ಕಣ್ಣು ತೆರೆದು, ತೀರಾ ಮೆಲ್ಲಗೆ, ಬೇಡಿಕೊಳ್ಳುವವನ ಹಾಗೆ ಅಂದ:

“ಯಾಕೆ ಸುಮ್ನಾದೆ? ಮಾತಾಡು.”

ನನ್ನ ನಲವತ್ತಾರು ವರ್ಷದಲ್ಲಿ ಯಾವ ಗಂಡಸೂ ನನಗೆ ಆ ಪದ ಹೇಳಿರಲಿಲ್ಲ.

“ಇರು,” ಅಂದೆ. ಅವನ ಕೋಟಿಗೆ ಮುಖ ಒತ್ತಿಕೊಂಡು ಅಳುತ್ತಲೇ ಪಾದ್ರಿಯವರ ಕೇಕಿನ ಕಥೆ ಮುಂದುವರಿಸಿದೆ.